ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ? ಒಂದು ಹಳೆಯ ಭಯದ ಜಾಡು

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ 58 ವರ್ಷ. ಅರಸೀಕೆರೆ ಕಡೆಯ ಹಳ್ಳಿಯಲ್ಲಿದ್ದಾರೆ. ಎಡ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಇದ್ದದ್ದನ್ನು ಗೌರಿ ಹಬ್ಬದಿಂದಲೂ ಮುಚ್ಚಿಟ್ಟುಕೊಂಡಿದ್ದರು. ಸಂಕ್ರಾಂತಿಗೆ ಹೋದಾಗ ನನ್ನೊಬ್ಬಳಿಗೆ ಹೇಳಿದರು. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಆಗಿದೆ. "ಅನುಮಾನ ಇದೆ, ಬಯಾಪ್ಸಿ (ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಲೇಬೇಕು" ಎಂದಿದ್ದಾರೆ ಡಾಕ್ಟರು. ದೊಡ್ಡಪ್ಪ, ಸೋದರಮಾವ ಇಬ್ಬರೂ ಒಪ್ಪುತ್ತಿಲ್ಲ. ನಮ್ಮ ಚಿಕ್ಕಜ್ಜಿಗೂ ಹಿಂದೆ ಇಂಥದ್ದೇ ಗಂಟು ಇತ್ತಂತೆ. ಒಂದು ನರ್ಸಿಂಗ್ ಹೋಮಿನಲ್ಲಿ ಕುಯ್ದು ತೆಗೆಸಿದ ಮೇಲೆ ವರ್ಷದೊಳಗೆ ಮೈಗೆಲ್ಲ ಹರಡಿ ತೀರಿಕೊಂಡರಂತೆ. "ಸೂಜಿ ಚುಚ್ಚಬೇಡಿ, ಕತ್ತಿ ತಾಗಿಸಬೇಡಿ, ಗಾಳಿ ಸೋಕಿದರೆ ಕೆರಳುತ್ತೆ" ಎಂದು ಮಾವ ನಾಟಿ ಔಷಧಿಗೆ ಕರೆದೊಯ್ಯಲು ಹೊರಟಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಹಿಂದಿನ ಕಾಲದ ದೊಡ್ಡ ದೊಡ್ಡ ವೈದ್ಯರೇ "ಕ್ಯಾನ್ಸರನ್ನು ಮುಟ್ಟಬೇಡಿ" ಎಂದಿದ್ದರು ಎಂದು ಓದಿದ್ದೇನೆ. ಹಾಗಾದರೆ ಅದು ಹೇಗೆ ಹರಡುತ್ತದೆ ಎಂದು ಯಾವಾಗ, ಯಾರಿಗೆ, ಹೇಗೆ ತಿಳಿಯಿತು? ಈಗಿನವರ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ಇನ್ನೊಂದು ಮಾತು: ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಅದು ಸರಿಯೇ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ತಟ್ಟೆ, ಲೋಟದ ವಿಷಯ ಮೊದಲು ಹೇಳುತ್ತೇನೆ, ಇವತ್ತು ರಾತ್ರಿ ಊಟದ ಹೊತ್ತಿಗೇ ಸರಿಮಾಡಬಹುದಾದದ್ದು ಅದೊಂದೇ. ಕ್ಯಾನ್ಸರ್ ಅಂಟುವ ರೋಗವಲ್ಲ. ದೊಡ್ಡಮ್ಮನ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ, ಅವರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದರೂ ಯಾರಿಗೂ ಬರುವುದಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿಯಂಥ ವೈರಸ್ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ನಿಜ, ಆದರೆ ಕ್ಯಾನ್ಸರೇ ಎದ್ದು ಇನ್ನೊಬ್ಬರ ಮೈಗೆ ಹೋಗುವುದಿಲ್ಲ.

ಈ ಭಯ ನಮ್ಮ ಕಡೆಯದು ಮಾತ್ರ ಎಂದುಕೊಳ್ಳಬೇಡಿ. ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ ಜಾನ್ ಗೋದಿನೋ ಎಂಬ ಪಾದ್ರಿ ಕೊಟ್ಟ ಹಣದಿಂದ 1740ರಲ್ಲಿ ಕ್ಯಾನ್ಸರ್ ರೋಗಿಗಳಿಗೆಂದೇ ಆಸ್ಪತ್ರೆ ಶುರುವಾಯಿತು. ರೋಗ ಅಂಟೀತು ಎಂದು ಊರವರು ಹೆದರಿದ್ದರಿಂದ 1779ರಲ್ಲಿ ಅದನ್ನು ಊರಾಚೆಗೆ ಸಾಗಿಸಬೇಕಾಯಿತು. ಅದೇ ಕಾಲದಲ್ಲಿ, 1773ರಲ್ಲಿ, "ಕ್ಯಾನ್ಸರ್ ಎಂದರೇನು?" ಎಂದು ಲಿಯೋನ್ ಅಕಾಡೆಮಿ ಇಟ್ಟ ಪ್ರಬಂಧ ಸ್ಪರ್ಧೆಗೆ ಬರೆದ ಬರ್ನಾರ್ ಪೆರೀಲ್ ಎಂಬ ವೈದ್ಯ ಎದೆಗಡ್ಡೆಯ ರಸ ತೆಗೆದು ನಾಯಿಗೆ ಚುಚ್ಚಿ ನೋಡಿದ. ನಾಯಿ ಒಂದೇ ಸಮ ಊಳಿಟ್ಟಿತು. ಮನೆಗೆಲಸದಾಕೆ ತಾಳಲಾರದೆ ಅದನ್ನು ನೀರಿನಲ್ಲಿ ಮುಳುಗಿಸಿ ಕೊಂದಳಂತೆ, ಪ್ರಯೋಗ ಅಲ್ಲಿಗೇ ಮುಗಿಯಿತು. 1808ರಲ್ಲಿ ಪ್ಯಾರಿಸ್ಸಿನ ವೈದ್ಯ ಅಲಿಬೇರ್ ಅಂಥದ್ದೇ ರಸವನ್ನು ತನ್ನ ಮೈಗೇ ಚುಚ್ಚಿಕೊಂಡ. ಚುಚ್ಚಿದ ಜಾಗ ಕೆಂಪಾಗಿ ಊದಿತು, ಕ್ಯಾನ್ಸರ್ ಬರಲಿಲ್ಲ. ಇವತ್ತಿನ ಎಥಿಕ್ಸ್ ಕಮಿಟಿಯ ಮುಂದೆ ಈ ಇಬ್ಬರೂ ನಿಲ್ಲುವ ಹಾಗಿಲ್ಲ ಬಿಡಿ. ಮಾವನಿಗೆ ಹೇಳಲು ಇಷ್ಟು ಸಾಕು.

ಇನ್ನು ಕತ್ತಿ, ಸೂಜಿಯ ಮಾತು. ನಿಮ್ಮ ಮಾವ ಸುಳ್ಳು ಹೇಳುತ್ತಿಲ್ಲ. ಗಂಟು ತೆಗೆಸಿದರು, ಆಮೇಲೆ ಹರಡಿತು, ಜೀವ ಹೋಯಿತು. ಅವರು ಕಣ್ಣಾರೆ ಕಂಡದ್ದು ಅದು. ಇದನ್ನೇ ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ವೈದ್ಯರು ಕಂಡಿದ್ದರು. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಸೂತ್ರವೊಂದರ ತಾತ್ಪರ್ಯ ಹೀಗಿದೆ: ಒಳಗೆ ಅಡಗಿದ ಕ್ಯಾನ್ಸರಿಗೆ ಚಿಕಿತ್ಸೆ ಮಾಡದಿರುವುದೇ ಲೇಸು, ಮಾಡಿಸಿಕೊಂಡವರು ಬೇಗ ಸಾಯುತ್ತಾರೆ, ಮಾಡಿಸಿಕೊಳ್ಳದವರು ಹೆಚ್ಚು ದಿನ ಬದುಕುತ್ತಾರೆ. ನೀವು ಓದಿದ್ದು ಬಹುಶಃ ಇದನ್ನೇ. ಕಂಡದ್ದು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಆ ತಪ್ಪನ್ನು ಬಿಡಿಸಲು ವೈದ್ಯಶಾಸ್ತ್ರಕ್ಕೆ 19ನೇ ಶತಮಾನದವರೆಗೆ ಕಾಲ ಹಿಡಿಯಿತು.

ಅಷ್ಟು ತಡವಾದದ್ದಕ್ಕೆ ದೊಡ್ಡ ಕಾರಣ ಕ್ರಿಸ್ತಶಕ ಎರಡನೇ ಶತಮಾನದ ವೈದ್ಯ ಗ್ಯಾಲೆನ್. ದೇಹದಲ್ಲಿ ನಾಲ್ಕು ರಸಗಳಿವೆ, ಅವುಗಳಲ್ಲಿ ಕಪ್ಪು ಪಿತ್ತ ಮಿತಿಮೀರಿ ಒಂದು ಕಡೆ ಮಡುಗಟ್ಟಿದರೆ ಅದೇ ಕ್ಯಾನ್ಸರ್ ಎಂದು ಅವನು ಹೇಳಿದ. ಈ ಲೆಕ್ಕದಲ್ಲಿ ರೋಗ ಇಡೀ ಮೈಯದ್ದು, ಗಂಟು ಅದರ ಹೊರಗಿನ ಗುರುತು ಮಾತ್ರ. ಗುರುತನ್ನು ಕುಯ್ದರೆ ಪಿತ್ತ ಇನ್ನೊಂದು ಕಡೆ ಉಕ್ಕುತ್ತದೆ. "ಹರಡುವುದು" ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಮೊದಲೇ ಮೈತುಂಬ ಇರುವುದು ಹರಡುವುದೇನು? ಸುಮಾರು ಒಂದೂವರೆ ಸಾವಿರ ವರ್ಷ ಯುರೋಪಿನಲ್ಲೂ ಅರಬ್ ವೈದ್ಯರಲ್ಲೂ ಈ ಮಾತೇ ನಡೆಯಿತು.

ಇದಕ್ಕೆ ನೇರ ಉತ್ತರ ಕೊಟ್ಟವರಲ್ಲಿ ಮುಖ್ಯನಾದವನು ಪ್ಯಾರಿಸ್ಸಿನ ಸರ್ಜನ್ ಆಂರಿ ಫ್ರಾಂಸ್ವಾ ಲ ದ್ರಾಂ. ಕ್ಯಾನ್ಸರ್ ಮೊದಲು ಒಂದೇ ಜಾಗದಲ್ಲಿ ಹುಟ್ಟುತ್ತದೆ, ಅಲ್ಲಿಂದ ದುಗ್ಧರಸದ (ಲಿಂಫ್) ನಾಳಗಳ ಮೂಲಕ ಹತ್ತಿರದ ಗ್ರಂಥಿಗಳಿಗೆ ಹೋಗುತ್ತದೆ, ಆಮೇಲೆ ಮೈಯ ಉಳಿದ ಕಡೆಗೆ ಎಂದು 1757ರಲ್ಲಿ ಅವನು ಬರೆದ. ಕಂಕುಳಲ್ಲಿ ಗಂಟು ಕಾಣಿಸಿಕೊಂಡ ಮೇಲೆ ರೋಗಿಯ ಪಾಡು ಕೆಡುತ್ತದೆ ಎಂಬುದನ್ನೂ ಗುರುತಿಸಿದ್ದ. ನಿಮ್ಮ ದೊಡ್ಡಮ್ಮನನ್ನು ಪರೀಕ್ಷಿಸಿದ ಡಾಕ್ಟರು ಎದೆಯ ಜೊತೆಗೆ ಕಂಕುಳನ್ನೂ ಒತ್ತಿ ನೋಡಿರುತ್ತಾರೆ. ಆ ಕೈ ಲ ದ್ರಾಂ ತೋರಿಸಿದ ದಾರಿಯಲ್ಲೇ ಹೋಗಿದೆ.

ಹುಟ್ಟುವುದು ಒಂದೇ ಕಡೆ ಎಂದಾದರೆ, ಬೇಗ ತೆಗೆದರೆ ವಾಸಿಯಾಗಬೇಕಲ್ಲ? ಆಗುತ್ತಿರಲಿಲ್ಲ. ಎಡಿನ್‌ಬರೊದ ಅಲೆಕ್ಸಾಂಡರ್ ಮನ್ರೊ ತಾನು ಎದುರಿಗಿದ್ದು ನೋಡಿದ ಸುಮಾರು ಅರವತ್ತು ಆಪರೇಷನ್‌ಗಳಲ್ಲಿ ಎರಡು ವರ್ಷ ರೋಗವಿಲ್ಲದೆ ಉಳಿದವರು ನಾಲ್ಕೇ ಮಂದಿ ಎಂದು ದಾಖಲಿಸಿದ. ಮಾವನ ಕೈಗೆ ಈ ಲೆಕ್ಕ ಸಿಕ್ಕರೆ ನಿಮಗೆ ಮಾತೇ ಉಳಿಯುವುದಿಲ್ಲ!

ಆದರೆ ಆ ಆಪರೇಷನ್ ಎಂದರೆ ಏನಾಗಿತ್ತು ಎಂದು ನೋಡಬೇಕು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ಅವಳ ಮನೆಯಲ್ಲೇ ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರೆ ಬಲ ಸ್ತನ ತೆಗೆದ. ಅರಿವಳಿಕೆ ಇರಲಿಲ್ಲ, ಈಥರ್ ಬಂದದ್ದು 1846ರಲ್ಲಿ. ಕುಡಿಯಲು ಒಂದು ಲೋಟ ವೈನು ಸೇರಿಸಿದ ಪಾನೀಯ ಕೊಟ್ಟರು, ಮುಖದ ಮೇಲೆ ತೆಳು ಕರವಸ್ತ್ರ ಹಾಸಿದರು. ಬಟ್ಟೆ ಎಷ್ಟು ತೆಳುವೆಂದರೆ ಸುತ್ತ ನಿಂತ ಗಂಡಸರೂ ಹೊಳೆಯುವ ಉಕ್ಕಿನ ಅಲಗೂ ಅದರೊಳಗಿಂದ ಕಾಣುತ್ತಿದ್ದವು ಎಂದು ತಿಂಗಳುಗಟ್ಟಲೆ ಕಳೆದ ಮೇಲೆ ಅಕ್ಕನಿಗೆ ಬರೆದ ಕಾಗದದಲ್ಲಿ ಹೇಳಿದ್ದಾಳೆ. ಅಲಗು ಎದೆಮೂಳೆಗೆ ತಾಗಿ ಕೆರೆದದ್ದನ್ನೂ ಬರೆದಿದ್ದಾಳೆ. ಹೀಗೆ ಎಚ್ಚರವಿರುವ ಮನುಷ್ಯನನ್ನು ಕುಯ್ಯುವಾಗ ಸರ್ಜನ್ನಿಗಿದ್ದ ಒಂದೇ ಗುರಿ ಬೇಗ ಮುಗಿಸುವುದು. ಅಂಚು ನೋಡಿ, ಕಂಕುಳು ಬಿಡಿಸಿ ತೆಗೆಯಲು ಪುರಸೊತ್ತೆಲ್ಲಿ? ಸಾಲದ್ದಕ್ಕೆ, ನೋವು, ನಾಚಿಕೆ, ಭಯದಿಂದ ಹೆಂಗಸರು ಬರುತ್ತಿದ್ದದ್ದೇ ಗಡ್ಡೆ ಒಡೆದು ಹುಣ್ಣಾದ ಮೇಲೆ. ಬರ್ನಿ 1840ರವರೆಗೆ ಬದುಕಿದಳು. ಆದರೆ ಅವಳದ್ದು ನಿಜಕ್ಕೂ ಕ್ಯಾನ್ಸರೇ ಎಂದು ಯಾರೂ ಖಚಿತವಾಗಿ ಹೇಳಲಾರರು. ತೆಗೆದ ಗಡ್ಡೆಯನ್ನು ಮೈಕ್ರೋಸ್ಕೋಪಿನಡಿ ನೋಡುವ ಪದ್ಧತಿ ಆಗ ಇರಲಿಲ್ಲ. ಆ ಕಾಲದ ಸೋಲಿನ ಲೆಕ್ಕವನ್ನೂ ಗೆಲುವಿನ ಲೆಕ್ಕವನ್ನೂ ಓದುವಾಗ ಇದು ನೆನಪಿರಲಿ. ಯಾವ ಗಂಟು ಏನಾಗಿತ್ತು ಎಂದು ಅವರಿಗೇ ಗೊತ್ತಿರಲಿಲ್ಲ.

1829ರಲ್ಲಿ ಪ್ಯಾರಿಸ್ಸಿನ ಜೋಸೆಫ್ ರೆಕಾಮಿಯೇ ಸ್ತನ ಕ್ಯಾನ್ಸರಿನ ರೋಗಿಯ ಮಿದುಳಿನಲ್ಲಿ ಎರಡನೆಯ ಗಡ್ಡೆ ಕಂಡದ್ದನ್ನು ವಿವರಿಸಿ, ಕ್ಯಾನ್ಸರ್ ರಕ್ತನಾಳದೊಳಗೆ ನುಗ್ಗುವುದನ್ನೂ ಬರೆದ. ನಾವು ಈಗ ಬಳಸುವ ಮೆಟಾಸ್ಟಾಸಿಸ್ ಎಂಬ ಮಾತಿಗೆ ದೂರದ ಅಂಗಕ್ಕೆ ಹರಡುವುದು ಎಂಬ ಅರ್ಥ ಕೂಡಿದ್ದು ಅವನಿಂದ. ಹಾಗೆ ದೂರ ಹೋಗುವುದು ಏನು ಎಂಬುದು ಮಾತ್ರ ಬಗೆಹರಿಯಲಿಲ್ಲ. ರಸವೋ, ವಿಷವೋ, ಗಡ್ಡೆಯದೇ ತುಣುಕೋ?

1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರ್ ಗಡ್ಡೆಗಳೂ ಜೀವಕೋಶಗಳಿಂದಲೇ ಆದವು ಎಂದು ಮೈಕ್ರೋಸ್ಕೋಪಿನಲ್ಲಿ ತೋರಿಸಿದ. ಅವನ ಶಿಷ್ಯ ರುಡಾಲ್ಫ್ ವಿರ್ಖೋ 1858ರಲ್ಲಿ ಬರೆದ ಗ್ರಂಥದಿಂದ "ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ" ಎಂಬ ಮಾತು ಮನೆಮಾತಾಯಿತು. ನಿಮ್ಮ ಕಾಲೇಜಿನ ಬಯಾಲಜಿಯವರಿಗೆ ಇದು ಬಾಯಿಪಾಠ. ಹೀಗೆ ಹೇಳಿದ ವಿರ್ಖೋಗೆ ಮುಂದಿನ ಮೆಟ್ಟಿಲು ಕಾಣಬೇಕಿತ್ತು: ಲಿವರಿನಲ್ಲಿ ಕಂಡ ಎದೆಗಡ್ಡೆಯ ಕೋಶ ಎದೆಯಿಂದಲೇ ಬಂದಿರಬೇಕು. ಅವನು ಅಲ್ಲಿಗೆ ಹೋಗಲಿಲ್ಲ. ಗಡ್ಡೆಯಿಂದ ಹೊರಟ ಯಾವುದೋ ರಸ ಅಲ್ಲಿನ ಕೋಶಗಳನ್ನೇ ಕೆರಳಿಸಿ ಕೆಡಿಸುತ್ತದೆ ಎಂಬ ಕಡೆಗೇ ಅವನ ಒಲವು. ಕಪ್ಪು ಪಿತ್ತ ಹೋಯಿತು, ರಸ ಉಳಿಯಿತು! ಕಾರ್ಲ್ ಟಿಯೆರ್ಶ್ 1865ರಲ್ಲಿ ಚರ್ಮದ ಕ್ಯಾನ್ಸರನ್ನೂ, ವಿಲ್‌ಹೆಲ್ಮ್ ವಾಲ್ಡೆಯರ್ 1867ರಿಂದ ಸ್ತನ ಮೊದಲಾದ ಅಂಗಗಳ ಕ್ಯಾನ್ಸರನ್ನೂ ಪದರಪದರವಾಗಿ ಕೊಯ್ದು ನೋಡಿ, ಅಂಗದ ಒಳಹೊದಿಕೆಯ ಕೋಶಗಳೇ ಕೆಟ್ಟು ಗಡ್ಡೆಯಾಗುತ್ತವೆ, ಆ ಕೋಶಗಳೇ ಕಳಚಿಕೊಂಡು ದುಗ್ಧರಸದಲ್ಲೋ ರಕ್ತದಲ್ಲೋ ಸಾಗಿ ಬೇರೆ ಕಡೆ ಬೆಳೆಯುತ್ತವೆ ಎಂದು ತೋರಿಸಿದರು. 1869ರಲ್ಲಿ ಮೆಲ್ಬರ್ನಿನ ಥಾಮಸ್ ಆ್ಯಶ್‌ವರ್ತ್ ಎಂಬ ವೈದ್ಯ ಕ್ಯಾನ್ಸರಿನಿಂದ ಸತ್ತವನೊಬ್ಬನ ಕಾಲಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಗಡ್ಡೆಯದೇ ತದ್ರೂಪಿನ ಕೋಶಗಳನ್ನು ಕಂಡ. ಅಲ್ಲಿಗೆ ಹೊರಟದ್ದೂ ಕೋಶ, ಸಾಗಿದ್ದೂ ಕೋಶ, ಬೇರುಬಿಟ್ಟದ್ದೂ ಕೋಶ ಎಂಬುದಕ್ಕೆ ಒಂದೊಂದು ಸಾಕ್ಷಿ ಸಿಕ್ಕಿತು.

ನಿಮ್ಮ ಮನೆಯ ಜಗಳಕ್ಕೆ ನೇರ ಉತ್ತರ ಕೊಟ್ಟವನು ಮಾತ್ರ ಇವರಲ್ಲಿ ಯಾರೂ ಅಲ್ಲ. ಅವನು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಸರ್ಜನ್ ಚಾರ್ಲ್ಸ್ ಮೂರ್. ವೈದ್ಯರಲ್ಲೂ ಅವನ ಹೆಸರು ಬಲ್ಲವರು ಕಡಿಮೆ, ನನಗೆ ಅದೊಂದು ಬೇಸರ. ಆಗ ಲಂಡನ್ನಿನಲ್ಲಿ ಸರ್ ಜೇಮ್ಸ್ ಪ್ಯಾಜೆಟ್‌ನಂಥ ಘಟಾನುಘಟಿಗಳು ಕ್ಯಾನ್ಸರ್ ಇಡೀ ಮೈಯ ದೋಷ ಎಂದೇ ನಂಬಿದ್ದರು. ಆಪರೇಷನ್ನಿನ ಬಳಿಕ ಮರಳಿ ಬರುತ್ತದಲ್ಲ, ಅದೇ ಅವರಿಗೆ ಪುರಾವೆ. ಮೂರ್ 1867ರಲ್ಲಿ ಇದನ್ನೇ ತಿರುಗಿಸಿ ಕೇಳಿದ. ಮರಳಿ ಬರುವುದು ಎಲ್ಲಿ? ಮೈಯ ದೋಷವೇ ಆಗಿದ್ದರೆ ಇನ್ನೊಂದು ಸ್ತನದಲ್ಲಿ, ತೊಡೆಯಲ್ಲಿ, ಬೆನ್ನಿನಲ್ಲಿ ಎಲ್ಲಿ ಬೇಕಾದರೂ ಏಳಬೇಕಿತ್ತು. ಮೊದಲು ಏಳುತ್ತಿದ್ದದ್ದು ಹೊಲಿಗೆಯ ಗಾಯದ ಅಂಚಿನಲ್ಲಿ, ಅದರ ಆಸುಪಾಸಿನ ಚರ್ಮದಲ್ಲಿ, ಉಳಿಸಿದ ಸ್ತನದ ಭಾಗದಲ್ಲಿ. ಅಂದರೆ ಹೊಸದಾಗಿ ಹುಟ್ಟಿದ್ದಲ್ಲ, ಸರ್ಜನ್ ಬಿಟ್ಟುಬಂದ ಚೂರೇ ಬೆಳೆದದ್ದು. ತಪ್ಪು ಕತ್ತಿಯದಲ್ಲ, ಅರ್ಧಂಬರ್ಧ ಕೆಲಸದ್ದು. ಗಡ್ಡೆಯೊಳಕ್ಕೆ ಅಲಗು ಇಳಿಸಲೇಬೇಡಿ, ಗಡ್ಡೆ ಕಣ್ಣಿಗೂ ಬೀಳದ ಹಾಗೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆಯಿರಿ, ಕಂಕುಳ ಗ್ರಂಥಿಗಳಿಗೆ ರೋಗ ತಗುಲಿದ್ದರೆ ಅವನ್ನೂ ಬಿಡಬೇಡಿ ಎಂಬುದು ಅವನ ಸೂಚನೆಗಳ ಸಾರ. ಇಂದಿಗೂ ಕ್ಯಾನ್ಸರ್ ಸರ್ಜರಿ ಕಲಿಯಲು ಬಂದ ಹುಡುಗರಿಗೆ ನಾವು ಮೊದಲು ಹೇಳಿಕೊಡುವ ಪಾಠ ಇದೇ.

ಈಗ ನಿಮ್ಮ ಚಿಕ್ಕಜ್ಜಿಯ ಕಥೆಗೆ ಬನ್ನಿ. ಅವರ ಕಾಗದಪತ್ರ ನನ್ನ ಮುಂದಿಲ್ಲ. ಆದರೆ ಇಂಥ ಕಥೆ ನನ್ನ ಓಪಿಡಿಗೆ ಮತ್ತೆ ಮತ್ತೆ ಬರುತ್ತದೆ, ಬಂದಾಗ ಎರಡರಲ್ಲಿ ಒಂದು ಇರುತ್ತದೆ. ಒಂದು, ಬಯಾಪ್ಸಿಯೇ ಇಲ್ಲದೆ "ಕೊಬ್ಬಿನ ಗಡ್ಡೆ" ಎಂದು ಕುಯ್ದು ಗಂಟಿನ ನಡುಭಾಗ ತೆಗೆದು ಹೊಲಿಗೆ ಹಾಕಿರುತ್ತಾರೆ. ತೆಗೆದದ್ದನ್ನು ಪರೀಕ್ಷೆಗೂ ಕಳಿಸಿರುವುದಿಲ್ಲ. ಇದು ಮೂರ್ ಹೇಳಿದ ಅರ್ಧಂಬರ್ಧ ಕೆಲಸ. ಇನ್ನೊಂದು, ಆಪರೇಷನ್ನಿನ ಹೊತ್ತಿಗಾಗಲೇ ಕೋಶಗಳು ಲಿವರಿಗೋ ಮೂಳೆಗೋ ಹೋಗಿ ಕೂತಿರುತ್ತವೆ, ಕಣ್ಣಿಗೆ ಕಾಣುವಷ್ಟಾಗಲು ಇನ್ನೂ ಕೆಲವು ತಿಂಗಳು ಬೇಕಿರುತ್ತದೆ. ಆ ತಿಂಗಳುಗಳ ನಡುವೆ ಆಪರೇಷನ್ ಆಯಿತು, ಹಾಗಾಗಿ ಅಪವಾದ ಕತ್ತಿಯ ತಲೆಗೆ ಬಂತು. ಗಾಳಿ ಸೋಕಿದರೆ ಕೆರಳುತ್ತದೆ ಎನ್ನುವುದೂ ಹೀಗೇ ಹುಟ್ಟಿರಬೇಕು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಹೊಟ್ಟೆ ತೆರೆದು ನೋಡಿ, ರೋಗ ಕೈಮೀರಿದೆ ಎಂದು ಹಾಗೆಯೇ ಮುಚ್ಚುತ್ತಿದ್ದರು. ರೋಗಿ ಬೇಗ ತೀರಿಕೊಂಡರೆ ಗಾಳಿ ಹೊಕ್ಕಿತೆಂದು ಮನೆಯವರು ಅಂದುಕೊಂಡರು.

ಇಲ್ಲಿಗೆ ಅರ್ಧ ಕಥೆಯಾಯಿತು. ಸೂಜಿ ಚುಚ್ಚಿದಾಗ ಕೋಶಗಳು ಸಡಿಲವಾಗುವುದಿಲ್ಲವೇ, ಅವು ರಕ್ತಕ್ಕೆ ಸೇರಿದರೆ ಹರಡಿದಂತೆ ಅಲ್ಲವೇ ಎಂದು ನೀವು ಕೇಳುತ್ತೀರಿ, ಕೇಳಬೇಕು. ಇದಕ್ಕೆ ಉತ್ತರ ಸಿಕ್ಕಿದ್ದು ಜೇಮ್ಸ್ ಪ್ಯಾಜೆಟ್ಟನ ಮಗ ಸ್ಟೀಫನ್ ಪ್ಯಾಜೆಟ್‌ನಿಂದ. ಅವನೂ ಲಂಡನ್ನಿನ ಸರ್ಜನ್. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಒಟ್ಟುಮಾಡಿ 1889ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ರಕ್ತದ ಹರಿವು ಎಲ್ಲಿಗೆ ಒಯ್ದು ಹಾಕುತ್ತದೋ ಅಲ್ಲೆಲ್ಲ ಗಡ್ಡೆ ಬೆಳೆಯುವುದಾದರೆ ರಕ್ತ ಹೆಚ್ಚು ಹೋಗುವ ಅಂಗಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಡಬೇಕಿತ್ತು. ಅವನ ಪಟ್ಟಿಯಲ್ಲಿ ಲಿವರಿಗೆ ಹರಡಿದ್ದು 241 ಮಂದಿಗೆ, ಗುಲ್ಮಕ್ಕೆ, ಅಂದರೆ ಸ್ಪ್ಲೀನಿಗೆ, ಬರೀ 17 ಮಂದಿಗೆ. ಗುಲ್ಮಕ್ಕೆ ದಪ್ಪನೆಯ ರಕ್ತನಾಳವೇ ಹೋಗುತ್ತದೆ, ರಕ್ತಕ್ಕೆ ಅಲ್ಲಿ ಬರವಿಲ್ಲ. ಆದರೂ ಕ್ಯಾನ್ಸರ್ ಅಲ್ಲಿ ನಿಲ್ಲುತ್ತಿಲ್ಲ. ಗಿಡ ಬೀಜ ಉದುರಿಸುವಾಗ ಅವು ಎಲ್ಲ ದಿಕ್ಕಿಗೂ ಹೋಗುತ್ತವೆ, ಒಗ್ಗುವ ಮಣ್ಣಿನಲ್ಲಿ ಬಿದ್ದವು ಮಾತ್ರ ಮೊಳೆಯುತ್ತವೆ ಎಂದ ಪ್ಯಾಜೆಟ್. ಈ ವಿಚಾರ ತನಗಿಂತ ಮುಂಚೆ ಆಸ್ಟ್ರಿಯದ ಕಣ್ಣಿನ ವೈದ್ಯ ಏರ್ನ್‌ಸ್ಟ್ ಫುಕ್ಸ್‌ಗೆ ಹೊಳೆದಿತ್ತು ಎಂದೂ ಪ್ರಾಮಾಣಿಕವಾಗಿ ಬರೆದ. ಅಪ್ಪ ಮೈಯೆಲ್ಲ ದೋಷ ಎಂದ, ಮಗ ಬೀಜವೂ ಬೇಕು ಮಣ್ಣೂ ಬೇಕು ಎಂದ. ಅಪ್ಪನ ಮಾತನ್ನು ಪೂರ್ತಿ ತೆಗೆದುಹಾಕದೆ ಮೀರಿದ ಮಗ, ಇತಿಹಾಸದವರಿಗೆ ಇದು ರುಚಿಸಬೇಕು.

ಈ ಮಾತನ್ನು ಮುಂದೆ ಪ್ರಯೋಗಶಾಲೆಯಲ್ಲೇ ಅಳೆದರು. 1970ರಲ್ಲಿ ಅಮೆರಿಕದ ಐಸಾಯ ಫಿಡ್ಲರ್ ಗುರುತು ಹಚ್ಚಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ನೇರವಾಗಿ ಬಿಟ್ಟು ಎಣಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಸತ್ತಿದ್ದವು, ಗಡ್ಡೆಯಾಗಿ ಬೆಳೆದವು ತೀರಾ ಬೆರಳೆಣಿಕೆ. ರಕ್ತದ ರಭಸ, ರೋಗನಿರೋಧಕ ಕೋಶಗಳ ಕಾವಲು, ಒಗ್ಗದ ಜಾಗ ಎಲ್ಲ ಸೇರಿ ಅವನ್ನು ಮುಗಿಸುತ್ತವೆ. ಒಳಗಿರುವ ಗಡ್ಡೆ ತಾನಾಗಿಯೇ ದಿನವೂ ಕೋಶಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಒಂದು ಸೂಜಿ ಅದಕ್ಕೆ ಸೇರಿಸುವುದು ಅತ್ಯಲ್ಪ. ಸೂಜಿಯ ದಾರಿಯಲ್ಲಿ ಕೆಲವು ಕೋಶ ಉಳಿಯಬಹುದು. ಸ್ತನದ ವಿಷಯದಲ್ಲಿ ಅವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ, ಉಳಿದದ್ದಕ್ಕೆ ಮುಂದಿನ ಆಪರೇಷನ್ನೂ ರೇಡಿಯೇಷನ್ನೂ ಇವೆ. ಸೂಜಿಯಿಂದಲೇ ಮರಳಿ ಬಂತು ಎನ್ನಬಹುದಾದ ಪ್ರಸಂಗ ತೀರಾ ಅಪರೂಪ.

ಎಲ್ಲ ಕ್ಯಾನ್ಸರಿಗೂ ಇದೇ ಮಾತು ಎಂದರೆ ನಾನು ನಿಮಗೆ ಮೋಸ ಮಾಡಿದಂತೆ. ವೃಷಣದ ಗಡ್ಡೆಗೆ ಚೀಲದ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ, ತೊಡೆಸಂದಿಯಿಂದ ಪೂರ್ತಿ ತೆಗೆಯುತ್ತೇವೆ. ಅಂಡಾಶಯದ ಅನುಮಾನದ ಗಡ್ಡೆಯನ್ನು ಆದಷ್ಟು ಒಡೆಯದ ಹಾಗೆ ಹೊರತೆಗೆಯುತ್ತೇವೆ. ಕೈಕಾಲಿನ ಮಾಂಸದ ಗಡ್ಡೆಗೆ, ಅಂದರೆ ಸಾರ್ಕೋಮಾಕ್ಕೆ, ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಸೂಜಿಯ ಜಾಗ ಗುರುತಿಸಬೇಕು, ಆ ದಾರಿಯನ್ನೂ ಆಮೇಲೆ ಕುಯ್ದು ತೆಗೆಯಲು ಬರುವಂತಿರಬೇಕು. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ಸೂಜಿಯ ದಾರಿಯಲ್ಲಿ ಗಡ್ಡೆ ಬೆಳೆಯುವ ಅಪಾಯ ನೂರಕ್ಕೆ ಎರಡು ಮೂರರಷ್ಟು ವರದಿಯಾಗಿದೆ. ಅಲ್ಲಿ ಎಷ್ಟೋ ಸಲ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯಲ್ಲೇ ರೋಗ ಖಚಿತವಾಗುತ್ತದೆ. ಮಾವನ ಮಾತಿನಲ್ಲಿ ಒಂದೆಳೆ ಸತ್ಯವಿದೆ, ಆದರೆ ಅದು ಸ್ತನದ ಗಂಟಿಗೆ ಅನ್ವಯಿಸುವುದಿಲ್ಲ.

ಇತಿಹಾಸದ ಕೊನೆಯ ತಿರುವನ್ನೂ ಹೇಳಬೇಕು, ದೊಡ್ಡಮ್ಮನ ಚಿಕಿತ್ಸೆ ಅದರ ಮೇಲೆ ನಿಂತಿದೆ. ಮೂರ್ ಹಾಕಿದ ದಾರಿಯಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ಬಹಳ ದೂರ ಹೋದ. ಕ್ಯಾನ್ಸರ್ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಸಾಗುತ್ತದೆ, ಹೆಚ್ಚು ಅಗಲ ಕುಯ್ದಷ್ಟೂ ಒಳ್ಳೆಯದು ಎಂಬುದು ಅವನ ಲೆಕ್ಕ. 1894ರಲ್ಲಿ 50 ಮಂದಿಯ ವರದಿ ಕೊಟ್ಟ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲ ಒಟ್ಟಿಗೆ. ಅದೇ ಜಾಗದಲ್ಲಿ ಮರಳಿ ಬಂದದ್ದು ನೂರಕ್ಕೆ 6. ಯುರೋಪಿನ ಹೆಸರಾಂತರ ಕೈಯಲ್ಲಿ ಅದು ಅರ್ಧಕ್ಕಿಂತ ಹೆಚ್ಚಿತ್ತು. ಸಹಜವಾಗಿ ಜಗತ್ತೆಲ್ಲ ಆ ಆಪರೇಷನ್ನಿಗೆ ಮುಗಿಬಿತ್ತು. ಮುಕ್ಕಾಲು ಶತಮಾನ ಹೆಂಗಸರು ಎದೆಯ ಸ್ನಾಯು ಕಳೆದುಕೊಂಡು, ಊದಿದ ಕೈ ಹೊತ್ತು ಬದುಕಿದರು. ಗಾಯದ ಜಾಗದಲ್ಲಿ ಮರಳಿ ಬರುವುದು ನಿಂತರೂ ಎಷ್ಟೋ ಮಂದಿ ಲಿವರ್, ಮೂಳೆಗೆ ಹರಡಿ ಸಾಯುತ್ತಲೇ ಇದ್ದರು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ 1971ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಹಾಲ್‌ಸ್ಟೆಡ್ ಆಪರೇಷನ್ನನ್ನೂ ಅದಕ್ಕಿಂತ ಕಡಿಮೆ ಕುಯ್ಯುವ ಆಪರೇಷನ್ನನ್ನೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿದರು. 25 ವರ್ಷ ಕಳೆದ ಮೇಲೂ ಬದುಕಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಯಸ್ಸನ್ನು ತೀರ್ಮಾನಿಸುತ್ತಿದ್ದದ್ದು ಎಷ್ಟು ಕುಯ್ದರು ಎಂಬುದಲ್ಲ, ಕುಯ್ಯುವ ಮೊದಲೇ ಕೋಶ ದೂರ ಹೋಗಿತ್ತೇ ಎಂಬುದು. ಮೈಯೆಲ್ಲ ಎಂಬ ಮಾತು ಸುತ್ತಿ ಬಳಸಿ ವಾಪಸ್ ಬಂದಂತಾಯಿತು, ಆದರೆ ಈ ಸಲ ಪಿತ್ತದ ಜಾಗದಲ್ಲಿ ಕೋಶವಿದೆ. ಅದಕ್ಕೇ ಇವತ್ತು ಆಪರೇಷನ್ನಿನ ಜೊತೆ ಇಡೀ ಮೈಗೆ ತಲುಪುವ ಕೀಮೋ, ಹಾರ್ಮೋನ್ ಮಾತ್ರೆ ಸೇರಿಕೊಂಡಿವೆ.

ಈಗ ನಿಮ್ಮೆದುರು ಇರುವ ದಾರಿಗಳು. ನನ್ನ ಸಲಹೆ ಕೋರ್ ಬಯಾಪ್ಸಿ, ಕೆಲವು ಕಡೆ ಟ್ರೂಕಟ್ ಎನ್ನುತ್ತಾರೆ. ಜಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು ದಪ್ಪ ಸೂಜಿಯಿಂದ ದಾರದಂಥ ಕೆಲವು ತುಣುಕು ತೆಗೆಯುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಜಾಗ ಕಪ್ಪಗಾಗಬಹುದು, ಒಂದೆರಡು ದಿನ ನೋಯಬಹುದು, ಅಪರೂಪಕ್ಕೆ ಕೀವಾಗಬಹುದು. ದೊಡ್ಡಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ತೆಳು ಸೂಜಿಯ ಎಫ್‌ಎನ್‌ಎಸಿ ಇನ್ನೂ ಸುಲಭ, ಅಗ್ಗ. ಆದರೆ ಅದರಲ್ಲಿ ಬಿಡಿ ಕೋಶಗಳಷ್ಟೇ ಸಿಗುತ್ತವೆ. ಯಾವ ಬಗೆಯ ಕ್ಯಾನ್ಸರ್, ಹಾರ್ಮೋನ್ ಮಾತ್ರೆಗೆ ಬಗ್ಗುತ್ತದೆಯೇ, ಹರ್‌-2 ಎಂಬ ಪ್ರೋಟೀನ್ ಇದೆಯೇ ಎಂದು ತಿಳಿಯಲು ತುಣುಕೇ ಬೇಕು. "ಪರೀಕ್ಷೆಯೆಲ್ಲ ಯಾಕೆ, ಗಂಟನ್ನೇ ತೆಗೆದುಬಿಡಿ" ಎಂಬ ದಾರಿ ಚಿಕ್ಕಜ್ಜಿಯದ್ದು, ಅದು ಬೇಡ.

ಬಯಾಪ್ಸಿಗೂ ಒಂದು ನಿಜವಾದ ಕೊರತೆಯಿದೆ: ತಪ್ಪು ಜಾಗದಿಂದ ತುಣುಕು ಬಂದರೆ ಕ್ಯಾನ್ಸರ್ ಇದ್ದೂ ಇಲ್ಲವೆಂದು ಬರಬಹುದು. 1887ರಲ್ಲಿ ಜರ್ಮನಿಯ ಯುವರಾಜ ಫ್ರೀಡ್ರಿಶ್‌ನ ಗಂಟಲ ಗಡ್ಡೆಯ ಚೂರುಗಳನ್ನು ಸಾಕ್ಷಾತ್ ವಿರ್ಖೋನೇ ನೋಡಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದ. ಯುವರಾಜ ಮರುವರ್ಷ ಚಕ್ರವರ್ತಿಯಾಗಿ 99 ದಿನ ಆಳಿ ಅದೇ ಕ್ಯಾನ್ಸರಿನಿಂದ ತೀರಿಕೊಂಡ. ಹಾಗಾಗಿ ಕೈಪರೀಕ್ಷೆ, ಮ್ಯಾಮೋಗ್ರಾಂ, ಬಯಾಪ್ಸಿ ಮೂರೂ ಒಂದೇ ಮಾತು ಹೇಳಬೇಕು. ಮ್ಯಾಮೋಗ್ರಾಂ ಅನುಮಾನ ಎನ್ನುತ್ತಿದ್ದು ಬಯಾಪ್ಸಿ "ಏನಿಲ್ಲ" ಎಂದರೆ ಸಮಾಧಾನಪಟ್ಟು ಊರಿಗೆ ಹೊರಡಬೇಡಿ, ಅಲ್ಟ್ರಾಸೌಂಡ್ ನೋಡಿಕೊಂಡು ಮತ್ತೆ ತೆಗೆಯಲು ಕೇಳಿ.

ಕ್ಯಾನ್ಸರ್ ಎಂದೇ ಬಂದರೂ ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಫಿಶರ್ ತಂಡದ ಇನ್ನೊಂದು ಅಧ್ಯಯನದಲ್ಲಿ ಗಂಟನ್ನಷ್ಟೇ ಅಂಚು ಸಮೇತ ತೆಗೆದವರೂ ಸ್ತನ ಪೂರ್ತಿ ತೆಗೆಸಿಕೊಂಡವರೂ 20 ವರ್ಷದಲ್ಲಿ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಗಂಟಷ್ಟೇ ತೆಗೆದು ರೇಡಿಯೇಷನ್ ಕೊಡಿಸದವರಲ್ಲಿ ಅದೇ ಸ್ತನಕ್ಕೆ ಮರಳಿ ಬಂದದ್ದು ನೂರಕ್ಕೆ 39, ಕೊಡಿಸಿದವರಲ್ಲಿ 14. ಊರಿನಲ್ಲಿ "ಕರೆಂಟ್ ಕೊಡಿಸೋದು" ಎನ್ನುತ್ತಾರಲ್ಲ, ಅದೇ. ವಾರಗಟ್ಟಲೆ ಅದಕ್ಕೆ ಓಡಾಡುವುದು ಆಗದ ಮನೆಯವರು ಪೂರ್ತಿ ತೆಗೆಸುವುದನ್ನೇ ಆರಿಸಿಕೊಳ್ಳುವುದುಂಟು, ಅದೇನೂ ತಪ್ಪಲ್ಲ. ಆಗಲೂ ಕೆಲವರಿಗೆ ರೇಡಿಯೇಷನ್ ಬೇಕಾಗುತ್ತದೆ ಎನ್ನುವುದು ಗೊತ್ತಿರಲಿ. ಗಂಟು ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡಬಹುದು. ಕಂಕುಳಲ್ಲಿ ಕೈಗೆ, ಸ್ಕ್ಯಾನಿಗೆ ಏನೂ ಸಿಗದಿದ್ದರೆ ಬಣ್ಣ ಹಾಕಿ ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಸೆಂಟಿನೆಲ್ ಪರೀಕ್ಷೆ ಆಗುತ್ತದೆಯೇ ಎಂದು ಕೇಳಿ, ಕೈ ಊದುವ ತೊಂದರೆ ಬಹಳ ಕಡಿಮೆಯಾಗುತ್ತದೆ.

ನಾಟಿ ಔಷಧಿಯ ಅಪಾಯ ಬರೀ ಸೊಪ್ಪಿನ ರಸದ್ದಲ್ಲ, ಕಳೆದುಹೋಗುವ ತಿಂಗಳುಗಳದ್ದು. ಗಂಟಿನ ಮೇಲೆ ಬರೆ ಹಾಕುವುದು, ಸುಡುವ ಲೇಪ ಹಚ್ಚುವುದು, ಎಣ್ಣೆ ಹಚ್ಚಿ ನೀವುವುದು ಇವಕ್ಕೆ ಮಾತ್ರ ಬಿಡಲೇಬೇಡಿ. ಚರ್ಮ ಒಡೆದು ಹುಣ್ಣಾದ ಮೇಲೆ ಬಂದವರಿಗೆ ನಮ್ಮ ಕೈಯಲ್ಲಿ ಉಳಿಯುವ ದಾರಿಗಳು ಬಹಳ ಕಡಿಮೆ. ಗೌರಿ ಹಬ್ಬದಿಂದ ಸಂಕ್ರಾಂತಿಗೆ ಆಗಲೇ ನಾಲ್ಕೈದು ತಿಂಗಳು ಹೋಗಿದೆ.

ಮಾವನೊಂದಿಗೆ ವಾದಕ್ಕೆ ಇಳಿಯಬೇಡಿ. "ಮಾವ, ಚಿಕ್ಕಜ್ಜಿಗೆ ಆದದ್ದು ನಿಜ, ಹಾಗಾಗಬಾರದು ಅಂತಲೇ ಮೊದಲು ಪರೀಕ್ಷೆ" ಎಂದು ಹೇಳಿ ನೋಡಿ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದೊಯ್ಯಿರಿ, ಡಾಕ್ಟರನ್ನು ಅವರೇ ಕೇಳಲಿ. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಮ್ಯಾಮೋಗ್ರಾಂ ಫಿಲ್ಮ್, ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನೇನು ಸಿಗುತ್ತದೆ ಎಂದು ಅಲ್ಲಿನ ಕೌಂಟರಿನಲ್ಲೇ ವಿಚಾರಿಸಿ. ಬಯಾಪ್ಸಿಯನ್ನು ಹಾಸನದಲ್ಲೇ ಮಾಡಿಸಿದರೆ ರಿಪೋರ್ಟ್ ಒಂದನ್ನೇ ಹಿಡಿದು ಹೊರಡಬೇಡಿ, ಸ್ಲೈಡ್ ಮತ್ತು ತುಣುಕನ್ನು ಕೂರಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಅವು ಕೈಯಲ್ಲಿದ್ದರೆ ಸಾಮಾನ್ಯವಾಗಿ ಎರಡನೇ ಸಲ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.